ಓಣಿ ದಾಟುವ ಮೊದಲು ಹಚ್ಚಿದ ಮಶೀನು

ಸೊಲ್ಲಾಪುರ
ಬುಧವಾರ, 12 ಫೆಬ್ರುವರಿ 2025

ಕೂಡಿದ ದೈವಕ್ಕೆ, ಕುಳಿತ ಸಭೆಗೆ, ಕಲ್ಯಾಣಪ್ಪನ ಶರಣಾರ್ಥಿ.

ಅಕ್ಕಲಕೋಟೆಯ ಮನೆಯ ಪಡಸಾಲೆಯಲ್ಲಿ ಕುಳಿತವರೇ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತವರೇ, ಕೇಳಲಾರೆ ಎಂದು ಎದ್ದುಹೋಗಿ ಒಳಕೋಣೆಯಿಂದ ಕಿವಿಗೊಟ್ಟವರೇ, ಎಲ್ಲರೂ ಕೇಳಿರಿ. ಓದುತ್ತಿರುವವನು ನನ್ನ ಹೆಂಡತಿಯ ತಮ್ಮ ಗುರುಶಾಂತ. ಕೇಳಬೇಕಾದವಳು ನನ್ನ ಹೆಂಡತಿ ಸಾವಿತ್ರಿಬಾಯಿ. ಆ ಮನೆಯಲ್ಲಿ ಕನ್ನಡ ಆಡುವವರು ಎಲ್ಲರೂ, ಓದಬಲ್ಲವನು ಗುರುಶಾಂತನೊಬ್ಬನೇ. ಭಂಡಾರಕವಠೆಯಲ್ಲಿ ಅತ್ತೆಯ ಮನೆಯಲ್ಲಿದ್ದು ನಾಲ್ಕು ವರ್ಷ ಕನ್ನಡ ಸಾಲೆಗೆ ಹೋದವನು. ನಾನು ಮರಾಠಿಯಲ್ಲಿ ಬರೆದಿದ್ದರೆ ಸಾವಿತ್ರಿ ತಾನೇ ಓದಿಕೊಂಡು, ಮಡಚಿ, ಹಾಸಿಗೆಯ ಕೆಳಗೆ ಇಟ್ಟುಬಿಡುತ್ತಿದ್ದಳು. ನನ್ನ ತಪ್ಪು ಹಾಗೆ ಮಡಚಿ ಇಡುವಂಥದ್ದಲ್ಲ. ಅದನ್ನು ದೊಡ್ಡ ದನಿಯಲ್ಲಿ ಓದಬೇಕು, ಮನೆಯೆಲ್ಲ ಕೇಳಬೇಕು. ಅದಕ್ಕೇ ಕನ್ನಡ.

ಫೋನು ಮಾಡಿದರೆ ನನ್ನ ನಂಬರು ಕಂಡು ನೀವು ಎತ್ತುವುದಿಲ್ಲ. ಅದರಲ್ಲಿ ನಿಮ್ಮ ತಪ್ಪಿಲ್ಲ. ಹರೆಯದಲ್ಲಿ ಎರಡು ವರ್ಷ ನಾಟಕ ಕಂಪನಿಯಲ್ಲಿ ರಾಜ, ರಾಕ್ಷಸ ಎರಡೂ ಆದವನು ನಾನು. ಮೈಕು ಕೆಟ್ಟರೂ ಹಿಂದಿನ ಸಾಲಿಗೆ ಕೇಳಿಸಿದವನು. ಅದೇ ದನಿಯಿಂದ ಮೂವತ್ತು ವರ್ಷ ಚಾದರು ಮಾರಿದೆ. ಅದೇ ದನಿಯಿಂದ ಮನೆಯಲ್ಲಿ ಹೆಂಡತಿಯ ಮಾತು ಮುಚ್ಚಿದೆ. ಈ ಹೊತ್ತು ಆ ದನಿಯನ್ನು ಗುರುಶಾಂತನಿಗೆ ಕೊಟ್ಟಿದ್ದೇನೆ.

ಮೊದಲು ಮಶೀನಿನ ಕಥೆ. ಇಪ್ಪತ್ತಮೂರು ವರ್ಷದ ಹಿಂದೆ ಮಶೀನು ಮಾರುವ ಕಂಪನಿಯ ಟೈ ಕಟ್ಟಿದವನೊಬ್ಬ ನಮ್ಮ ಅಟ್ಟಕ್ಕೆ ಬಂದದ್ದು ನಿಮಗೆ ಗೊತ್ತಿಲ್ಲ. ಅಟ್ಟದ ತುಂಬ ಚಾದರಿನ ಗಂಟುಗಳು. ಗಂಟು ಬಿಚ್ಚಿದಾಗಲೆಲ್ಲ ನೂಲಿನ ಧೂಳು ಹಾರಿ ಸಾವಿತ್ರಿಗೆ ದಮ್ಮು ಕಟ್ಟುತ್ತಿತ್ತು. ಬಂದವನು ನಮ್ಮ ಗಾದಿಯ ಮೇಲೆ ವ್ಯಾಕ್ಯೂಮ್ ಕ್ಲೀನರ್ ಒಮ್ಮೆ ಆಡಿಸಿ, ಚೀಲ ಬಿಚ್ಚಿ, ಬಿಳಿ ಕಾಗದದ ಮೇಲೆ ಸುರಿದ. ಮುಷ್ಟಿಯಷ್ಟು ಬೂದು ಹಿಟ್ಟು. "ಇದರ ಮ್ಯಾಲ ಮಲಗತಿದ್ವೇನ್ರಿ ನಾವು" ಎಂದು ಸಾವಿತ್ರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ದಿನದಿಂದ ಮಶೀನು ನಮ್ಮ ಮನೆಯದಾಯಿತು. ಸಾವಿತ್ರಿ ಅದನ್ನು ದಸರೆಯಲ್ಲಿ ತಕ್ಕಡಿಯ ಪಕ್ಕ ಇಟ್ಟು ಪೂಜೆ ಮಾಡುತ್ತಿದ್ದಳು, ಅರಿಸಿನ ಹಚ್ಚಿದ ಗುರುತು ಗಾಲಿಯ ಸಂದಿಯಲ್ಲಿ ಇನ್ನೂ ಇದೆ.

ಎರಡು ಗಾಲಿಯಲ್ಲಿ ಒಂದು ಸವೆದು ಹೋಗಿ ಅಲ್ಲಿ ಮಗ್ಗದ ಕಟ್ಟಿಗೆಯ ತುಂಡು ಬಂತು. ಸೀಳಿದ ಕೊಳವೆಗೆ ಕರಿ ಪಟ್ಟಿ ಸುತ್ತಿ ಸುತ್ತಿ ಅದೀಗ ಪ್ಲಾಸ್ಟರು ಹಾಕಿದ ಕಾಲಿನ ಹಾಗೆ ಬಾಗುವುದಿಲ್ಲ. ಚೀಲ ಹರಿದಾಗಲೆಲ್ಲ ನಮ್ಮ ಚಾದರಿನ ಬಟ್ಟೆಯಿಂದಲೇ ಹೊಸದು ಹೊಲಿಸಿದೆ, ಐದು ಸಲ. ಚಪಳಗಾಂವದ ಕೈಲಾಸ ಇಪ್ಪತ್ತು ವರ್ಷದಿಂದ ಅದನ್ನು ರಿಪೇರಿ ಮಾಡುತ್ತಿದ್ದಾನೆ. "ಕಲ್ಯಾಣಣ್ಣಾ, ಇದರಾಗ ಕಂಪನೀದು ಏನೂ ಉಳದಿಲ್ರಿ. ಬರೇ ನಿಮ್ಮ ಹಟಾ ಉಳದದ" ಎಂದು ನಗುತ್ತಾನೆ. ಈ ಪತ್ರ ತಂದುಕೊಟ್ಟವನು ಅವನೇ. ಅವನಿಗೆ ಚಹಾ ಕೊಡಿರಿ.

ಈಗ ತಪ್ಪಿನ ಮಾತು.

2013ರ ಕಾರ್ತಿಕದಲ್ಲಿ ನಿಮ್ಮ ತಾಯಿ ಬಿದ್ದು ಸೊಂಟ ಮುರಿದುಕೊಂಡರು. ಅವರ ಆರೈಕೆಗೆ ಸಾವಿತ್ರಿ ಮೂರನೆಯ ಸಲ ಅಕ್ಕಲಕೋಟೆಗೆ ಹೊರಟಳು. ನಾನು ಒಬ್ಬನೇ ಉಣ್ಣುವವನಾದೆನೆಂದು ಮುಂಜಾನೆಯಿಂದ ಕೂಗಾಡಿದ್ದೆ. ಆಟೋ ಬಂತು. ಅವಳು ಹೊಸ್ತಿಲಲ್ಲಿ ನಿಂತು "ಬರ್ತೀನ್ರಿ" ಎಂದಳು. ನಾನು ಹೂಂ ಅನ್ನಲಿಲ್ಲ. ಆಟೋ ಇನ್ನೂ ಓಣಿಯಲ್ಲೇ ಇತ್ತು. ನಾನು ಮಶೀನು ಹಚ್ಚಿದೆ.

ಮನೆಯಿಂದ ಯಾರಾದರೂ ಊರಿಗೆ ಹೊರಟರೆ, ಅವರು ಮುಟ್ಟುವವರೆಗೆ ನಾವು ಕಸ ಹೊಡೆಯುವುದಿಲ್ಲ. ಹೋದವರ ಬೆನ್ನಿಗೇ ಗುಡಿಸುವುದು ಒಂದೇ ಸಲ, ಹೆಣ ಎತ್ತಿದ ಮೇಲೆ. ಇದು ನನಗೆ ಗೊತ್ತಿಲ್ಲದ್ದಲ್ಲ.

ಕನ್ನಡಕ ಮರೆತಿದ್ದಳೆಂದು ಸಾವಿತ್ರಿ ತಿರುಗಿ ಬಂದಳು. ನಾನು ಅವಳ ಚಪ್ಪಲಿಯ ಧೂಳಿನ ಗುರುತಿನ ಮೇಲೆಯೇ, ಹೊಸ್ತಿಲ ತನಕ, ಬ್ರಶ್ಶು ಎಳೆಯುತ್ತಿದ್ದೆ. ಅವಳು ಒಳಗೆ ಕಾಲಿಡಲಿಲ್ಲ.

"ಓಣಿ ದಾಟೀನೇನ್ರಿ ನಾ ಇನ್ನಾ? ಅಷ್ಟರಾಗ ಗುಡಿಸಿದ್ರಿ?"

"ಇದೇನ ಕಸಬರಿಗಿ ಅಲ್ಲ. ಮಶೀನ" ಎಂದೆ.

"ಹೆಣಾ ಎತ್ತಿದ ಮ್ಯಾಲ ಯಾತರ್ಲೆ ಗುಡಿಸಿದ್ರೂ ಅಷ್ಟ" ಎಂದಳು. ಕನ್ನಡಕ ಬಿಟ್ಟೇ ಹೋದಳು. ನಿಮ್ಮ ತಾಯಿ ತೀರಿಕೊಂಡ ಮೇಲೂ ತಿರುಗಿ ಬರಲಿಲ್ಲ.

ಪುಣೆಯ ವ್ಯಾಪಾರಿ ಬರುವವನಿದ್ದ, ಪಡಸಾಲೆ ಸ್ವಚ್ಛ ಮಾಡಬೇಕಿತ್ತು, ಅದಕ್ಕೇ ಹಚ್ಚಿದೆ ಎಂದು ಹನ್ನೊಂದು ವರ್ಷ ಎಲ್ಲರಿಗೂ ಹೇಳಿದ್ದೇನೆ. ಗುರುಶಾಂತ, ಇದನ್ನು ಗಟ್ಟಿಯಾಗಿ ಓದು. ಯಾವ ವ್ಯಾಪಾರಿಯೂ ಬರುವವನಿರಲಿಲ್ಲ. ಆಟೋದಲ್ಲಿ ಕೂತವಳ ಕಿವಿಗೆ ಆ ಸದ್ದು ಬೀಳಲಿ ಎಂದೇ ಹಚ್ಚಿದೆ.

ಅವಳು ಬಿಟ್ಟುಹೋದ ಆ ವಾರವೇ ಚೀಲ ಬಿಚ್ಚಿದಾಗ ಬ್ರಶ್ಶಿಗೆ ಅವಳ ಕೂದಲು ಸುತ್ತಿತ್ತು. ಇಪ್ಪತ್ತೆಂಟು ವರ್ಷ ಅವಳು ತಿರುಗಾಡಿದ ಮನೆ, ಇರದೆ ಏನು. ಆರು ತಿಂಗಳಾದ ಮೇಲೂ ಬಂತು. ಎರಡು ವರ್ಷಕ್ಕೆ ಹಳೆಯ ಶಹಾಬಾದಿ ಕಲ್ಲು ಕಿತ್ತು ಹೊಸ ಟೈಲ್ಸು ಹಾಕಿಸಿದೆ, ಗೋಡೆ ಕೆರೆಸಿ ಬಣ್ಣ ಬಳಿಸಿದೆ, ಗಾದಿ ಬದಲಿಸಿದೆ. ಗುರುವಾರ ನಾನು ವಾರದ ಕಸ ತೆಗೆಯುವ ದಿನ, ಮುಂದಿನ ಗುರುವಾರ ಮಶೀನು ಹಚ್ಚಿದೆ. ಬ್ರಶ್ಶಿನ ತುಂಬ ಉದ್ದ ಕರಿ ಕೂದಲು, ಈಗಷ್ಟೇ ಬಾಚಿ ಬಿಟ್ಟ ಹಾಗೆ ಎಣ್ಣೆಯ ಪಸೆ.

ಕೈಲಾಸ ಬಿಚ್ಚಿ ನೋಡಿದವನು "ಸಾವಿತ್ರಿ ವೈನಿ ಬಂದು ಹೋದ್ರೇನ್ರಿ?" ಎಂದ.

"ಇಲ್ಲ" ಎಂದೆ.

"ಮತ್ತ ಯಾರ ಬರತಾರ?" ಎಂದು ಕಣ್ಣು ಹೊಡೆದ. ನನ್ನ ಮುಖ ನೋಡಿ ಮತ್ತೆ ಸ್ಕ್ರೂ ತಿರುಗಿಸತೊಡಗಿದ.

ಐದಾರು ವರ್ಷದ ಹಿಂದೆ ಕರಿ ಕೂದಲಿನ ನಡುವೆ ಮೊದಲ ಬಿಳಿಯದು ಬಂತು. ಆಮೇಲೆ ಒಂದೊಂದೇ ಹೆಚ್ಚಿದವು. ಕೂದಲಷ್ಟೇ ಅಲ್ಲ. ನಮ್ಮ ಓಣಿಯಲ್ಲಿಲ್ಲದ ಕರಿ ಮಣ್ಣು, ಒಣಗಿದ ಬೇವಿನ ಎಲೆಯ ಚೂರು, ಒಂದು ಸಲ ಸೀರೆಯ ಅಂಚಿನ ಮೂರು ಎಳೆ, ನಾನು ಎಂದೂ ತಂದುಕೊಡದ ಬಣ್ಣದ್ದು. ಇವನ್ನೆಲ್ಲ ಕಾಗದದ ಮೇಲೆ ಹರವಿ ಕೂತುಕೊಳ್ಳುತ್ತಿದ್ದೆ. ಈ ವಾರ ತಲೆಗೆ ಎರೆದುಕೊಂಡಿದ್ದಾಳೆ, ಈ ವಾರ ಹೊಲಕ್ಕೆ ಹೋಗಿದ್ದಾಳೆ ಎಂದು ಓದಿಕೊಳ್ಳುತ್ತಿದ್ದೆ. ನೀವು ಸುದ್ದಿ ಕೊಡಲಿಲ್ಲ. ಮಶೀನು ಕೊಟ್ಟಿತು. ಹೆದರಿಕೆಯಾಗಲಿಲ್ಲವೇ ಎಂದು ಕೇಳುವಿರಿ. ಆಯಿತು. ಆದರೂ ಗುರುವಾರ ಹನ್ನೊಂದು ಗಂಟೆಗೆ ಅಂಗಡಿ ಬಿಟ್ಟು ಮನೆಗೆ ಓಡಿಬರುತ್ತಿದ್ದೆ.

ಈ ಸಂಕ್ರಾಂತಿಯ ಮರುವಾರ ಚೀಲದಲ್ಲಿ ಹಸಿರು ಗಾಜು ಸಿಕ್ಕಿತು. ಬಳೆಯ ಚೂರು, ಭತ್ತದ ಕಾಳಿನಷ್ಟು.

ಈ ತಿಂಗಳ ಎರಡನೆಯ ತಾರೀಖು ಇಲ್ಲೇ ಸೊಲ್ಲಾಪುರದ ಒಂದು ಮದುವೆಯಲ್ಲಿ ಗುರುಶಾಂತನ ಮಗಳು ಸೋನಾಲಿ ಸಿಕ್ಕಳು. ಅಪ್ಪನಿಗೆ ಗೊತ್ತಾದರೆ ಬೈಯುತ್ತಾನೆಂದು ಅತ್ತಿತ್ತ ನೋಡಿಯೇ ಮಾತಾಡಿದಳು. ಗುರುಶಾಂತ, ಬೈಯಬೇಡ. ನಿಮ್ಮ ಆತ್ಯಾ ಸಾವಿತ್ರಿಯ ಬಳೆ ಏನಾದರೂ ಒಡೆಯಿತೇ ಎಂದು ನಾನೇ ಕೇಳಿದೆ.

"ಒಡದಿಲ್ರಿ ಮಾಮಾ. ಚೂರ ಎಲ್ಲೂ ಬಿದ್ದಿಲ್ಲ. ಆದ್ರ ಸಂಕ್ರಾಂತಿ ಬಳ್ಯಾಗ ಒಂದಕ್ಕ ನಡುವ ಇಷ್ಟ ಗಾಜ ಇಲ್ಲ, ಇಲಿ ಕಡದಂಗ" ಎಂದು ಬೆರಳ ತುದಿ ತೋರಿಸಿದಳು.

ನಾನು ತಾಟು ಕೆಳಗಿಟ್ಟೆ.

"ಆತ್ಯಾ ಕಡಿಮಿ ಆಗಾಕತ್ತಾಳ್ರಿ" ಎಂದಳು. "ಜಂಪರಾ ಎರಡ ಸಲ ಹಿಡದು ಹೊಲದೀನಿ. ಡಾಕ್ಟರು ಎಲ್ಲಾ ತಪಾಸಿ ಮಾಡ್ಯಾರ, ಏನೂ ಸಿಗವಲ್ದು. ಗುರುವಾರ ಬಂತಂದ್ರ ಹನ್ನೊಂದರ ಸುಮಾರಿಗೆ ಯಾರೋ ಹಿಂದಿಂದ ಸೆರಗ ಎಳದಂಗ ಆಗತದಂತ. ಗ್ವಾಡಿ ಹಿಡಕೊಂಡ ನಿಂದರತಾಳ."

ಸಭೆಗೆ ಬಿಚ್ಚಿ ಹೇಳಬೇಕಾದ್ದು ಇಷ್ಟೇ. ಹನ್ನೊಂದು ವರ್ಷ ನಾನು ಅವಳ ಸುದ್ದಿ ತಿಳಿಯುತ್ತಿದ್ದೇನೆ ಎಂದುಕೊಂಡಿದ್ದೆ. ನಾನು ಅವಳನ್ನೇ ತಿನ್ನುತ್ತಿದ್ದೆ. ಬದುಕಿದ್ದವಳ ಬೆನ್ನಿಗೆ ಗುಡಿಸಿದೆ. ಮಶೀನು ನನ್ನ ಮಾತು ಕೇಳಿ, ಗುಡಿಸುತ್ತಲೇ ಇದೆ. ಇಲ್ಲಿ ಅದರ ಗಾಲಿ ಸವೆದಂತೆ ಅಲ್ಲಿ ಅವಳು ಸವೆಯುತ್ತಿದ್ದಾಳೆ. ಗಾಲಿಗಾದರೆ ಮಗ್ಗದ ಕಟ್ಟಿಗೆ ಹಾಕಿದೆ.

ಮದುವೆಯಿಂದ ಬಂದ ಮೇಲೆ ನಾನು ಮಶೀನು ಹಚ್ಚಿಲ್ಲ. ಹೋದ ಗುರುವಾರ ಹನ್ನೊಂದಕ್ಕೆ ಅಂಗಡಿಯಲ್ಲೇ ಕೈ ಕಟ್ಟಿಕೊಂಡು ಕೂತೆ. ಆ ದಿನ ಸಾವಿತ್ರಿಗೆ ಹೇಗಿತ್ತೋ ನೀವೇ ನೆನೆಸಿಕೊಳ್ಳಿರಿ.

ನಿಲ್ಲಿಸಿದರೆ ಸಾಲದೆಂದು ಎದುರು ಮನೆಯ ರೇವಮ್ಮ ಹೇಳಿದಳು. ತೊಂಬತ್ತರ ಹತ್ತಿರದ ಮುದುಕಿ. ಓಣಿಯಲ್ಲಿ ಹುಟ್ಟು, ಸಾವು ಎರಡಕ್ಕೂ ಅವಳ ಮಾತೇ ಮೊದಲು. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಅವಳು ಅಡಿಕೆ ಕತ್ತರಿಸುವುದು ನಿಲ್ಲಿಸಲಿಲ್ಲ.

"ಹೊಸ್ತಿಲಾ ದಾಟಿಸಿದಾಂವ ನೀನ. ತಿರುಗಿ ಒಳಗ ಕರಕೊಂಡ ಬರಬೇಕಾದಾಂವನೂ ನೀನ. ಅಕಿ ಒಂದ ಹೆಜ್ಜಿ ಒಳಗಿಟ್ಟ 'ಬಂದೀನಿ' ಅಂದ್ರ ಸಾಕು. ಆಮ್ಯಾಲ ಬೇಕಾದ್ರ ನಿನ್ನ ಮಾರಿಗಿ ಉಗುಳಿ ಹೊಳ್ಳಿ ಹೋಗ್ಲಿ."

"ಬರದಿದ್ರ?" ಎಂದೆ.

"ನಾಟಕದಾಗ ಅಷ್ಟ ಒದರತಿದ್ದೆಲ್ಲೋ. ಈಗ ಕೇಳಾಕ ದನಿ ಬರವಲ್ದೇನ?" ಎಂದಳು.

ಸಾವಿತ್ರಿ, ಇಷ್ಟು ಹೊತ್ತು ಸಭೆಗೆ ಹೇಳಿದೆ, ಇದು ನಿನಗೆ. ಮನೆಗೆ ಬಂದು ಇರು ಎಂದು ಕೇಳುವ ಯೋಗ್ಯತೆ ನನಗಿಲ್ಲ. ನನ್ನ ಅಡುಗೆ ನಾನು ಮಾಡಿಕೊಳ್ಳುತ್ತೇನೆ, ಕಲಿತಿದ್ದೇನೆ. ನೀನು ಒಂದು ಸಲ ಬಂದು ಆ ಹೊಸ್ತಿಲು ದಾಟು. ನಾನು ಹೊರಗೆ ಓಣಿಯಲ್ಲಿ ನಿಂತಿರುತ್ತೇನೆ, ಒಳಗೆ ಬರುವುದಿಲ್ಲ. ನೀನು ಹೊರಟಾಗ ಮಶೀನು ಕೈಲಾಸನ ಗಾಡಿಯಲ್ಲಿ ಇರುತ್ತದೆ, ಅವನು ಅದನ್ನು ಭಾಗ ಭಾಗ ಬಿಚ್ಚುತ್ತೇನೆಂದು ಒಪ್ಪಿದ್ದಾನೆ. ನೀನು "ಬರ್ತೀನಿ" ಅಂದರೆ ಈ ಸಲ ನಾನು ಹೂಂ ಅನ್ನುತ್ತೇನೆ.

ನಿಮ್ಮೆಲ್ಲರ ಮುಂದೆ ತಲೆ ತಗ್ಗಿಸಿದ,
ಕಲ್ಯಾಣಪ್ಪ

ತಾ.ಕ.: ಗುರುಶಾಂತ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಮನಸ್ಸಿನಲ್ಲಿ ಓದಿಕೋ, ಮುಖ ಬದಲಿಸಬೇಡ.

ಮದುವೆಯಿಂದ ಬಂದ ಮೇಲೆ ಮಶೀನು ಹಚ್ಚಿಲ್ಲ ಎಂದು ಬರೆದದ್ದು ಇವತ್ತು ಮಧ್ಯಾಹ್ನದ ತನಕ ಖರೆ ಇತ್ತು. ಸಹಿ ಮಾಡಿ, ಕಾಗದ ಮಡಚಿ, ಕೈಲಾಸನ ದಾರಿ ಕಾಯುತ್ತಿದ್ದೆ. ಅವಳು ಬರಲು ಒಪ್ಪುತ್ತಾಳೋ ಇಲ್ಲವೋ ಎಂದು ಜೀವ ತಡೆಯಲಿಲ್ಲ. ಒಂದೇ ಒಂದು ಸಲ, ಕೋಣೆಯಿಂದ ಹೊಸ್ತಿಲ ತನಕ, ಹಚ್ಚಿದೆ. ಬುಧವಾರವಲ್ಲವೇ, ಗುರುವಾರವಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಚೀಲ ಬಿಚ್ಚಿದೆ. ಏನೂ ಇಲ್ಲ. ಬಿಳಿಯದಿಲ್ಲ, ಕರಿಯದಿಲ್ಲ, ಒಂದು ಎಳೆಯೂ ಇಲ್ಲ. ಹನ್ನೊಂದು ವರ್ಷದಲ್ಲಿ ಹೀಗೆ ಆದದ್ದಿಲ್ಲ. ಹೋದ ಗುರುವಾರ ನಾನು ಬಿಟ್ಟದ್ದಕ್ಕೆ ಅವಳು ನನ್ನಿಂದ ಬಿಡಿಸಿಕೊಂಡಳೋ, ಅಥವಾ ಇನ್ನು ಬರಲು ಏನೂ ಉಳಿದಿಲ್ಲವೋ, ನನಗೆ ತಿಳಿಯುತ್ತಿಲ್ಲ. ಆಗಿನಿಂದ ನಿಮ್ಮ ಮನೆಗೆ ಫೋನು ಹಚ್ಚುತ್ತಿದ್ದೇನೆ. ಯಾರೂ ಎತ್ತುತ್ತಿಲ್ಲ.

ನೀನು ಇಷ್ಟು ಹೊತ್ತು ಓದಿದ್ದೀಯಲ್ಲ, ಅವಳು ಕೇಳುತ್ತ ಕೂತಿದ್ದಾಳೆಂದುಕೊಂಡು ಓದಿರುತ್ತೀ. ಒಳಕೋಣೆಗೆ ಹೋಗಿ ನೋಡು.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಅಕ್ಕಲಕೋಟೆಗೆ ಬರುತ್ತೇನೆ. ಬಾಗಿಲು ಬಡಿಯುವುದಿಲ್ಲ, ಹೆಸರು ಹಿಡಿದು ಕೂಗುವುದಿಲ್ಲ. ಅವಳ ದನಿ ಒಳಗಿನಿಂದ ಕೇಳಿಬರುವ ತನಕ ನಿಮ್ಮ ಕಟ್ಟೆಯ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.