ಕನ್ನಡಿಯಲ್ಲಿ ನೋಡಿದ ಮುಖ

ವಾರ್ಡ್ ಸಿಸ್ಟರ್ ಅವರಿಗೆ ನಮಸ್ಕಾರ.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವವರಿಗೆ ನಿನ್ನೆ ಕ್ಷೌರ ಮಾಡಿದವನು ನಾನು. ಅವರ ಹೆಸರು, ವಿಳಾಸ ಯಾರಿಗೂ ಗೊತ್ತಿಲ್ಲ ಎಂದಿರಿ. ಗಡ್ಡ ಮೀಸೆ ತೆಗೆದು ತಲೆಗೆ ಕೈ ಹಾಕಿದಾಗ ನೆತ್ತಿಯ ಎರಡು ಸುಳಿ ಸಿಕ್ಕವು. ಇವರು ನನಗೆ ಗೊತ್ತು. ನನ್ನ ಹಳೇ ಅಂಗಡಿಗೆ ವರ್ಷಗಟ್ಟಲೆ ಬಂದವರು. ಅಲ್ಲಿ ಅಕ್ಕಪಕ್ಕದವರನ್ನು ಕೇಳೋಣವೆಂದರೆ ಆ ಬೀದಿಯನ್ನೇ ಕೆಡವಿದ್ದಾರೆ.

ಹೆಸರು ನಾಲಿಗೆ ತುದಿಯಲ್ಲಿದೆ, ಬಾಯಿಗೆ ಬರುತ್ತಿಲ್ಲ. ಬೇರೆ ಯಾವ ಹೆಸರು ಹೇಳಿದರೂ ಅದಲ್ಲ ಎಂದು ತಕ್ಷಣ ತಿಳಿಯುತ್ತದೆ. ನನ್ನ ಹೆಂಡತಿ ಒಂದೊಂದೇ ಹೆಸರು ಹೇಳಿ ಸಾಕಾಗಿ, "ಹಾಗಾದ್ರೆ ಅವರಪ್ಪ ಹೆಸರೇ ಇಟ್ಟಿಲ್ಲ ಬಿಡಿ" ಎಂದು ರೇಗಿದಳು.

ಮಾತು ಮಾತ್ರ ನೆನಪಿದೆ. ಕುರ್ಚಿಯಲ್ಲಿ ಕೂತ ಕೂಡಲೇ, "ಮೀಸೆ ತಂಟೆಗೆ ಹೋಗಬೇಡಪ್ಪಾ, ಗುರುತು ಸಿಗದೆ ನನ್ನವಳು ಬಾಗಿಲೇ ತೆಗೆಯಲ್ಲ" ಎನ್ನುತ್ತಿದ್ದರು.

ನಾವು ಗಿರಾಕಿಯ ಹಿಂದೆ ನಿಂತು ಮುಖವನ್ನು ಕನ್ನಡಿಯಲ್ಲೇ ನೋಡುವವರು. ಹಾಗೆ ನೋಡಿದರೆ ಹೆಸರು ಹೊಳೆದೀತು. ನಾಡಿದ್ದು ಅವರನ್ನು ದೂರದ ಆಸ್ಪತ್ರೆಗೆ ಕಳಿಸುತ್ತಾರಂತೆ. ನಾಳೆ ನಾನು ಕನ್ನಡಿ ತರುತ್ತೇನೆ. ಅವರ ತಲೆಯನ್ನು ಸ್ವಲ್ಪ ಎತ್ತಿಸಿ, ಅದನ್ನು ಎದುರಿಗೆ ಹಿಡಿದುಕೊಳ್ಳಿ, ನಾನು ಹಿಂದೆ ನಿಂತು ನೋಡುತ್ತೇನೆ.

ಹೊಳೆಯದೆಯೂ ಇರಬಹುದು. ಮೂಗಿನ ನಳಿಕೆಗೆ ಪಟ್ಟಿ ಅಂಟಲಿ ಎಂದು ನೀವು ಹೇಳಿದಂತೆ ಮೀಸೆ ತೆಗೆದೆ, ಅವರ ಮಾತು ನೆನಪಾದದ್ದು ಆಮೇಲೆ. ದಯವಿಟ್ಟು ಇನ್ನು ಅದನ್ನು ಬೆಳೆಯಲು ಬಿಡಿ, ಆ ಆಸ್ಪತ್ರೆಯವರಿಗೂ ಬರೆದು ಕಳಿಸಿ. ಅವರ ಹೆಂಡತಿ ಹುಡುಕಿಕೊಂಡು ಬಂದು, ಈ ಮುಖ ನೋಡಿ, ಇವರಲ್ಲ ಎಂದು ಪಕ್ಕದ ಹಾಸಿಗೆಗೆ ಹೋಗಿಬಿಟ್ಟಾರು.

ಇಂತು,
ಆಸ್ಪತ್ರೆ ಗೇಟಿನ ಎದುರಿನ ಕ್ಷೌರಿಕ