ಬೆಸಗರಹಳ್ಳಿಯ ಎಲ್ಲೆಯೊಳಗಿಂದ ಅವ್ವನಿಗೆ

ಅವ್ವಾ,

ಅಪ್ಪ ತೀರಿಕೊಂಡ ವರ್ಷ ಅಕ್ಕ ಗಾಡಿ ಕಟ್ಟಿಸಿಕೊಂಡು ಬಂದು ನಿನ್ನನ್ನು ತನ್ನ ಗಂಡನ ಊರು ಪೂರಿಗಾಲಿಗೆ ಕರೆದದ್ದು ನೆನಪಿದೆಯಾ? ನೀನು ಮೊರ ಕೆಳಗಿಟ್ಟು, "ಗಂಡುಮಗ ಇರೋಳು ಅಳಿಯನ ಮನೇಲಿ ಬಿದ್ಕಂಡ್ರೆ ಊರೋರು ಏನಂದಾರು ಕಣಮ್ಮ" ಎಂದು ಅವಳ ಬಾಯಿ ಮುಚ್ಚಿಸಿದೆ. ಪಕ್ಕದಲ್ಲಿ ನಿಂತು ನಾನು ಬೀಗುತ್ತಿದ್ದೆ, ದೊಡ್ಡ ಗಂಡುಮಗ!

ಚಳವಳಿಗೆ ಸೇರಿ ಮೈಸೂರಿನ ಜೈಲಿನಲ್ಲಿದ್ದವನಿಗೆ ನಿನ್ನ ಕಾಯಿಲೆಯ ಸುದ್ದಿ ಬಂತು. ಪೆರೋಲಿನ ಅರ್ಜಿ ಬರೆಯುತ್ತಾ ಗುಮಾಸ್ತರು ತಾಯಿ ಎಲ್ಲಿದ್ದಾರೆ ಎಂದು ಕೇಳಿದರು. ನಿನ್ನನ್ನು ತನ್ನ ಮನೆಗೆ ಕರೆದೊಯ್ದಿದ್ದೇನೆಂದು ಅಕ್ಕ ಬರೆಸಿದ್ದ ಕಾಗದ ನನ್ನ ಕೈಯಲ್ಲೇ ಇತ್ತು. ಆದರೂ, ಬೆಸಗರಹಳ್ಳಿ, ಸ್ವಂತ ಮನೆ ಎಂದೆ. ಅಳಿಯನ ಮನೆ ಅಂತ ಸರ್ಕಾರದ ಕಾಗದದಲ್ಲಿ ಹೇಗೆ ಬರೆಸಲಿ? ನಾನು ಬರುವ ಹೊತ್ತಿಗೆ ನಿನ್ನನ್ನು ಗಾಡಿಯಲ್ಲಿ ಮನೆಗೆ ಕರೆತಂದಿರುತ್ತಾರೆ ಅಂದುಕೊಂಡೆ. ನಿನ್ನನ್ನು ಅಲುಗಿಸುವ ಹಾಗೂ ಇಲ್ಲ ಅಂತ ನನಗೆ...

ಹತ್ತು ದಿನಕ್ಕೆ ಬಿಟ್ಟರು. ಬೆಸಗರಹಳ್ಳಿಯ ಎಲ್ಲೆ ದಾಟಬಾರದು, ಬೆಳಗ್ಗೆ ಸಂಜೆ ಪಟೇಲರ ಮುಂದೆ ರುಜು ಹಾಕಬೇಕು. ಚಿಕ್ಕಪ್ಪ ಜಾಮೀನು ನಿಂತರು. ಬಂದು ನೋಡಿದರೆ ಮನೆಗೆ ಬೀಗ. ಅಂದೇ ಪೂರಿಗಾಲಿಗೆ ಹೋಗಲು ಅಪ್ಪಣೆ ಬೇಡಿ ಮಂಡ್ಯಕ್ಕೆ ಅರ್ಜಿ ಹಾಕಿದೆ.

ಐದನೆಯ ದಿನ ಬೆಳಗ್ಗೆ ತಡೆಯಲಾರದೆ ಮದ್ದೂರಿನ ರಸ್ತೆ ಹಿಡಿದೆ. ಅಲ್ಲಿ ಮಳವಳ್ಳಿ ಬಸ್ಸು ಹತ್ತಿದರೆ ಸಂಜೆಯೊಳಗೆ ನಿನ್ನ ಹತ್ತಿರ ಇರುತ್ತಿದ್ದೆ. ಎಲ್ಲೆಯ ಕಲ್ಲಿನ ಬಳಿ ಪಟೇಲರು ಸಿಕ್ಕಿ ಕೈ ಹಿಡಿದರು. "ಕಾಗ್ದ ಬರೋಗಂಟ ತಡ್ಕೊಳ್ಲಾ. ನೀನು ದಾಟ್ಬುಟ್ರೆ ನಿಮ್ ಚಿಕ್ಕಪ್ಪನ್ನ ಎಳ್ಕೊಂಡೋಯ್ತಾರೆ." ಸಿಟ್ಟಿನಲ್ಲಿ ಅವರಿಗೆ ಏನೇನೋ ಅಂದೆ. ಅವರು ಮಾಡಿದ ತಪ್ಪಾದರೂ ಏನು? ಹಿಂದಿರುಗಿ ಬಂದು ರುಜು ಹಾಕಿದೆ.

ಏಳನೆಯ ದಿನ ನೀನು ಹೋದೆ. ಭಾವನ ಹೊಲದಲ್ಲೇ ಮಣ್ಣು ಮಾಡಿದರು. ಮಗ ಹಾಕಬೇಕಾದ ಹಿಡಿ ಮಣ್ಣನ್ನು ಭಾವನೇ ಹಾಕಿದನಂತೆ. ಮಂಡ್ಯದ ಅಪ್ಪಣೆ ಮಾತ್ರ ಇನ್ನೂ ಬಂದಿಲ್ಲ.

ನಿನ್ನೆ ಅಕ್ಕ ಬಂದಿದ್ದಳು. ನಾನು ಬಂದ ಸುದ್ದಿಯನ್ನು ಚಿಕ್ಕಪ್ಪ ಮೊದಲ ದಿನವೇ ಅವಳಿಗೆ ಮುಟ್ಟಿಸಿದ್ದರು. ನೀನು ಕೊನೆಯವರೆಗೂ ನನ್ನನ್ನು ಕೇಳುತ್ತಿದ್ದೆಯಂತೆ. "ನಿನ್ನ ಬುಟ್ಟವ್ರೆ ಅಂತ ಅವ್ವಂಗೆ ನಾನು ಏಳ್ಲೇ ಇಲ್ಲ ಕಣ್ಲಾ," ಎಂದಳು. "ಏಳಿದ್ರೆ ಬಾಗ್ಲು ನೋಡ್ಕಂಡೇ ಜೀವ ಬುಡೋಳು." ಅವಳನ್ನು ಬೈಯಲು ನನಗೆ ಯಾವ ಬಾಯಿದೆ?

ನಾಳೆ ಜೈಲಿಗೆ ಮರಳುತ್ತೇನೆ. ಅಕ್ಕ ನಿನಗೆ ಹೇಳದೆ ಉಳಿಸಿದ್ದನ್ನು ನಾನೇ ಹೇಳಬೇಕು. ಅವ್ವಾ, ನೀನು ನನ್ನನ್ನು ಕೇಳುತ್ತಿದ್ದಾಗ ನಾನು ಜೈಲಿನಲ್ಲಿರಲಿಲ್ಲ. ನಮ್ಮ ಮನೆಯ ಜಗಲಿಯ ಮೇಲೆ ಸುಮ್ಮನೆ ಕೂತಿದ್ದೆ.