ಸೀನಿಯರ್ ಕೊಟ್ಟ ವಾಚು

ಬಿಟಿಎಂ ಲೇಔಟ್, ಶನಿವಾರ

ವೆಂಕಟಾಚಲ ಸರ್ ಅವರಿಗೆ ನಮಸ್ಕಾರ.

ನನ್ನ ಕಪ್ಪು ಬೆಲ್ಟಿನ ವಾಚು ಲಾಯರ್ ಕೈಗೆ ಒಪ್ಪಲ್ಲ ಅಂತ ನೀವು ಕೊಟ್ಟ ಚಿನ್ನದ ವಾಚನ್ನು ವಾಪಸ್ ಕಳಿಸುತ್ತಿದ್ದೇನೆ. ನಿನ್ನೆ ಕೋರ್ಟಿನಲ್ಲಿ, ನಮ್ಮ ಕಕ್ಷಿದಾರರಾದ ಸಿದ್ದಾಪುರದ ಹುಲಿಗೆವ್ವನವರ ಮನೆ ಕೆಡವಲು ಹೊರಟಿರುವ ಬಿಲ್ಡರ್ ನನ್ನ ಕೈ ನೋಡಿ ನಕ್ಕ.

"ನಾನು ಕಳಿಸಿದ ವಾಚು ಚೆನ್ನಾಗಿ ಒಪ್ಪುತ್ತೆ ಮೇಡಂ" ಅಂದ.

ಪಕ್ಕದಲ್ಲಿದ್ದ ಹುಲಿಗೆವ್ವ ನನ್ನಿಂದ ದೂರ ಸರಿದು ನಿಂತರು. ಅವರ ಕೇಸಿನಲ್ಲಿ ನೀವು ನನ್ನ ಕೈಯಲ್ಲಿ ವಿಚಾರಣೆ ಮುಂದೂಡಲು ಪದೇ ಪದೇ ವಾಯಿದೆ ಕೇಳಿಸಿದ್ದು ಯಾಕೆಂದು ಆಗ ಗೊತ್ತಾಯಿತು.

ಸಂಜೆ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ವಕಾಲತ್ತು ನನಗೇ ಕೊಡಲು ಒಪ್ಪಿದ್ದಾರೆ. ದಯವಿಟ್ಟು ಕೇಸು ನನಗೆ ಬಿಟ್ಟುಕೊಡುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ. ಹಾಕದಿದ್ದರೆ ವಾಚಿನ ವಿಷಯ ಜಡ್ಜ್ ಮುಂದೆಯೇ ಹೇಳುತ್ತೇನೆ. ಸೋಮವಾರ ನಾನು ವಾಯಿದೆ ಕೇಳಲ್ಲ, ವಾದ ಮಾಡ್ತೀನಿ.

ಇತಿ,
ನಿನ್ನೆವರೆಗೆ ನಿಮ್ಮ ಜೂನಿಯರ್ ಆಗಿದ್ದ
ದಾನಮ್ಮ